ಅಂಟುವಾಳದ ನೊರೆ, ಕಿಣ್ವದ ಕೆಲಸ, ಪೇಟೆಂಟಿನ ಮೊಹರು



ಕಳೆದ ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಅಪರಾಹ್ನ, ಪುಂಜಾಲಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಗಳದಿಂದಲೇ "ಸರ್" ಎಂದು ಕರೆದಳು. ಹತ್ತನೆಯ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕುಳಿತು, ಅರ್ಥವಾಗುವವರೆಗೂ ಪ್ರಶ್ನೆ ಕೇಳುವುದನ್ನು ಬಿಡದಿದ್ದ ಹುಡುಗಿ. ಈಗ ಇಬ್ಬರು ಮಕ್ಕಳ ತಾಯಿ. ಕೈಯಲ್ಲಿ ಒಂದು ಲೀಟರಿನ ಬಾಟಲಿ, ಅದರೊಳಗೆ ಕಂದು ಬಣ್ಣದ ದ್ರವ. ಅಂಟುವಾಳದ ಕಾಯಿಯನ್ನು ಕುದಿಸಿ ತೆಗೆದ ರಸಕ್ಕೆ, ಬೆಲ್ಲ ಹಾಕಿ ಮೂರು ತಿಂಗಳು ಹುದುಗು ಬರಿಸಿದ ಅನಾನಸು ಹಾಗೂ ಲಿಂಬೆ ಸಿಪ್ಪೆಯ ನೀರನ್ನು ಬೆರೆಸಿದ್ದಾಳೆ. ಬಟ್ಟೆ ಒಗೆಯುವ ದ್ರವ. ಅದಕ್ಕೆ 'ಕಿಣ್ವದ ಲಿಕ್ವಿಡ್' ಎಂದು ಹೆಸರಿಟ್ಟಿದ್ದಾಳೆ.

"ಸರ್, ಇದಕ್ಕೆ ಪೇಟೆಂಟ್ ಸಿಗ್ತದಾ? ಒಬ್ಬರು ಮಾಡಿಸಿ ಕೊಡ್ತೇನೆ ಅಂತ ಹೇಳಿದ್ದಾರೆ. ಅರುವತ್ತು ಸಾವಿರ ಆಗ್ತದಂತೆ. ಬಳೆ ಅಡವಿಡುವ ಅಂತ ಇದ್ದೇನೆ."

"ಬಳೆ ಸದ್ಯಕ್ಕೆ ಕೈಯಲ್ಲೇ ಇರಲಿ. ನನಗೆ ಒಂದು ತಿಂಗಳು ಸಮಯ ಕೊಡು" ಎಂದೆ.

ನಾನು ಕಲಿಸಿದ್ದು ವಿಜ್ಞಾನ. ಕಾನೂನು ನನ್ನ ವಿಷಯವಲ್ಲ. ಆದರೂ ಆ ತಿಂಗಳು ಓದಿದ್ದು ನನ್ನ ನಿವೃತ್ತಿಯ ನಂತರದ ಓದಿನಲ್ಲಿಯೇ ಅತ್ಯಂತ ರುಚಿಕರವಾದುದು. ಒಂದು ಬಾಟಲಿಯ ಹಿಂದೆ ಜರ್ಮನಿಯ ಚರ್ಮ ಹದಮಾಡುವವರಿಂದ ಬೆಂಗಳೂರಿನ ಒಂದು ಶೆಡ್ಡಿನವರೆಗೆ, ನಮ್ಮ ಅಜ್ಜಿಯ ಒಗೆಯುವ ಕಲ್ಲಿನಿಂದ ಚೆನ್ನೈಯ ಉಚ್ಚ ನ್ಯಾಯಾಲಯದವರೆಗೆ ಹರಡಿದ ಕಥೆಯಿದೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಒಗೆಯುವ ಕಲ್ಲಿನಿಂದಲೇ ಆರಂಭಿಸೋಣ. ನಾನು ಚಿಕ್ಕವನಿದ್ದಾಗ, ಎಂದರೆ 1950ರ ದಶಕದ ಕೊನೆಯಲ್ಲಿ, ನಮ್ಮ ಮನೆಯ ಬಟ್ಟೆಗಳು ತೋಟದ ಕೆಳಗಿನ ತೋಡಿನ ಬದಿಯಲ್ಲಿ ಶುಭ್ರವಾಗುತ್ತಿದ್ದವು. ನಿತ್ಯದ ಬಟ್ಟೆಗೆ ಬಾರ್ ಸಾಬೂನು. ಅದನ್ನು ದಾರದಿಂದ ಕತ್ತರಿಸಿ ತುಂಡು ಮಾಡಿ, ಬಿಸಿಲಿಗೆ ಒಣಗಿಸಿ, ಲೆಕ್ಕ ಹಾಕಿ ಕೊಡುತ್ತಿದ್ದವರು ಅಜ್ಜಿ. ರೇಷ್ಮೆಯ ಪಟ್ಟೆಮಡಿಗೆ ಸಾಬೂನು ನಿಷಿದ್ಧ, ಅಂಟುವಾಳವೇ ಆಗಬೇಕು. ತಲೆಗೆ ಸೀಗೆ. ಹೊದಿಕೆ, ಜಮಖಾನೆಗಳಂತಹ ಭಾರದ ಬಟ್ಟೆಗಳಿಗೆ ಬೂದಿಯ ತಿಳಿನೀರು. ಆ ಕೆಲಸಕ್ಕೆ ವಾರಕ್ಕೊಮ್ಮೆ ಮಡಿವಾಳ ಸಮುದಾಯದ ಒಬ್ಬ ಹಿರಿಯ ಹೆಂಗಸು ಬರುತ್ತಿದ್ದರು. ಯಾವ ಮರದ ಬೂದಿ ಖಾರ, ಯಾವುದು ಸಪ್ಪೆ ಎಂಬುದನ್ನು ಅವರು ನಾಲಿಗೆಯ ತುದಿಯಿಂದ ನೋಡಿ ಹೇಳುತ್ತಿದ್ದರು. ಕ್ಷಾರದ ತೀವ್ರತೆಯನ್ನು ಅಳೆಯುವ ವಿಧಾನವನ್ನು ನಾನು ಕಾಲೇಜಿನಲ್ಲಿ ಕಲಿತದ್ದು ಅದಾಗಿ ಹತ್ತು ವರ್ಷಗಳ ನಂತರ.

ಮಳೆಗಾಲದಲ್ಲಿ ತೋಟಕ್ಕೆ ಹೋದರೆ ಉಂಬಳಗಳ ಕಾಟ. ಪಂಚೆಯ ಅಂಚಿಗೆಲ್ಲ ರಕ್ತದ ಕಲೆ. ಅಜ್ಜಿಯದು ಒಂದೇ ಕಟ್ಟಪ್ಪಣೆ: "ರಕ್ತಕ್ಕೆ ಬಿಸಿನೀರು ಮುಟ್ಟಿಸಬೇಡಿ." ಏಕೆ ಎಂದು ಕೇಳಿದರೆ "ಕಲೆ ಬೇಯುತ್ತದೆ" ಎನ್ನುತ್ತಿದ್ದರು. ಅಕ್ಷರಶಃ ಸರಿಯಾದ ಮಾತು. ರಕ್ತದಲ್ಲಿರುವುದು ಪ್ರೋಟೀನು, ಬಿಸಿಗೆ ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ನೆರೆಮನೆಯ ಬಾಯಮ್ಮ ಗಟ್ಟಿ ಮಾಂಸ ಬೇಯಿಸುವಾಗ ಬಪ್ಪಂಗಾಯಿಯ ಚೂರು ಹಾಕುತ್ತಿದ್ದರು. ಬಪ್ಪಂಗಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ತುಂಡರಿಸುತ್ತದೆ. ಒಂದು ಮನೆಯಲ್ಲಿ ಪ್ರೋಟೀನಿನ ಕಲೆ, ಪಕ್ಕದ ಮನೆಯಲ್ಲಿ ಪ್ರೋಟೀನನ್ನು ಕರಗಿಸುವ ಕಿಣ್ವ. ನಡುವೆ ಇದ್ದದ್ದು ಒಂದು ಬೇಲಿ ಮಾತ್ರ. ಎರಡನ್ನೂ ಕೂಡಿಸುವ ಯೋಚನೆ ನಮಗೆ ಯಾರಿಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಜರ್ಮನಿಯ ಒಟ್ಟೊ ರೋಮ್ ಎಂಬ ರಸಾಯನಶಾಸ್ತ್ರಜ್ಞನಿಗೆ. ಅವನ ಮೊದಲ ಕಸುಬು ಬಟ್ಟೆಯದಲ್ಲ, ಚರ್ಮದ್ದು. ಆ ಕಾಲದಲ್ಲಿ ಚರ್ಮವನ್ನು ಮೃದುಗೊಳಿಸಲು ನಾಯಿಯ ಮಲವನ್ನು ಬಳಸುತ್ತಿದ್ದರು. ಅದರಲ್ಲಿ ಕೆಲಸ ಮಾಡುವುದು ಜೀರ್ಣಕಾರಿ ಕಿಣ್ವಗಳೇ ಎಂದು ಊಹಿಸಿದ ರೋಮ್, ಕಸಾಯಿಖಾನೆಯಿಂದ ತಂದ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಕಿಣ್ವವನ್ನು ತೆಗೆದು ಚರ್ಮ ಹದಮಾಡುವವರಿಗೆ ಮಾರಿದ. 1907ರಲ್ಲಿ ಒಟ್ಟೊ ಹಾಸ್ ಎಂಬವನ ಜೊತೆ ಸೇರಿ ಕಂಪೆನಿ ಕಟ್ಟಿದ. ಚರ್ಮದ ಕೊಳೆಯನ್ನು ಬಿಡಿಸುವ ಕಿಣ್ವ ಬಟ್ಟೆಯ ಕೊಳೆಯನ್ನು ಏಕೆ ಬಿಡಿಸಬಾರದು? 1913ರಲ್ಲಿ ಈ ಯೋಚನೆಗೆ ಪೇಟೆಂಟ್ ಪಡೆದ. 1914ರಲ್ಲಿ 'ಬುರ್ನುಸ್' ಎಂಬ ಹೆಸರಿನಲ್ಲಿ ಬಟ್ಟೆ ನೆನೆಸುವ ಪುಡಿ ಮಾರುಕಟ್ಟೆಗೆ ಬಂತು. ಜಗತ್ತಿನ ಮೊದಲ ಕಿಣ್ವಯುಕ್ತ ಮಾರ್ಜಕ ಇದೇ.

ಆದರೆ ಅದು ಹೆಚ್ಚು ಮೇಲೇಳಲಿಲ್ಲ. ಪ್ರಾಣಿಯ ಕಿಣ್ವ ಸೋಡಾದ ಕ್ಷಾರವನ್ನು ತಾಳಿಕೊಳ್ಳುವುದಿಲ್ಲ. ಕ್ಷಾರದಲ್ಲಿಯೂ ಬದುಕುವ ಕಿಣ್ವ ಬೇಕಿತ್ತು. ಅದು ದೊರೆತದ್ದು ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ. 1959ರಲ್ಲಿ ಸ್ವಿಟ್ಜರ್ಲೆಂಡಿನಿಂದ 'ಬಯೋ 40' ಎಂಬ ಪುಡಿ ಬಂತು. 1960ರ ದಶಕದ ಮೊದಲ ವರ್ಷಗಳಲ್ಲಿ ಡೆನ್ಮಾರ್ಕಿನ ನೋವೊ ಸಂಸ್ಥೆ 'ಆಲ್ಕಲೇಸ್' ಎಂಬ ಬ್ಯಾಕ್ಟೀರಿಯಾದ ಕಿಣ್ವವನ್ನು ಹೊರತಂದಿತು. ಕೆಲವೇ ವರ್ಷಗಳಲ್ಲಿ ಯುರೋಪಿನ ಅಂಗಡಿಗಳ ತುಂಬ ಕಿಣ್ವದ ಪುಡಿಗಳು.

ಏರಿದಷ್ಟೇ ವೇಗವಾಗಿ ಸಂಕಟವೂ ಬಂತು. ಕಾರ್ಖಾನೆಗಳಲ್ಲಿ ಕಿಣ್ವದ ಧೂಳನ್ನು ಉಸಿರಾಡಿದ ಕಾರ್ಮಿಕರಿಗೆ ಉಬ್ಬಸ ಕಾಣಿಸಿಕೊಂಡಿತು. 1969ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಆ ವರದಿ ಪ್ರಕಟವಾಯಿತು. ಕೊನೆಗೆ ಕಿಣ್ವದ ಪುಡಿಗೆ ಮೇಣದಂತಹ ವಸ್ತುವನ್ನು ಲೇಪಿಸಿ, ಧೂಳೇಳದಂತೆ ಕಾಳುಕಾಳಾಗಿ ಮಾಡುವ ವಿಧಾನ ಬಂದ ಮೇಲೆ ಉದ್ಯಮ ಚೇತರಿಸಿಕೊಂಡಿತು. ಕಿಣ್ವ ಹಳೆಯದೇ, ಸಾಬೂನು ಪುಡಿ ಹಳೆಯದೇ. ಆದರೆ ಕಾರ್ಮಿಕನ ಶ್ವಾಸಕೋಶವನ್ನು ಉಳಿಸಿದ ಆ ಲೇಪನ ಹೊಸದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸ್ವಾರಸ್ಯ. ಜಪಾನಿನ ಜೋಕಿಚಿ ತಕಮಿನೆ 1894ರಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್ ಪಡೆದ. ಜಪಾನೀಯರು ಅನ್ನದ ಮದ್ಯ ತಯಾರಿಸಲು ತಲೆತಲಾಂತರದಿಂದ ಬಳಸುತ್ತಿದ್ದ ಬೂಷ್ಟನ್ನು ತೌಡಿನ ಮೇಲೆ ಬೆಳೆಸಿ, ಪಿಷ್ಟವನ್ನು ಕರಗಿಸುವ ಕಿಣ್ವವನ್ನು ಪ್ರತ್ಯೇಕಿಸುವ ವಿಧಾನ ಅದು. ಆ ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಒರೈಸೆ. 1988ರಲ್ಲಿ ನೋವೊ ಸಂಸ್ಥೆ ಮತ್ತೊಂದು ಶಿಲೀಂಧ್ರದ ಜೀನನ್ನು ಇದೇ ಬೂಷ್ಟಿಗೆ ಸೇರಿಸಿ, ಜಿಡ್ಡನ್ನು ಕರಗಿಸುವ 'ಲೈಪೋಲೇಸ್' ಕಿಣ್ವವನ್ನು ಮಾಡಿತು. ಮಾರ್ಜಕಕ್ಕಾಗಿ ಕುಲಾಂತರಿ ಜೀವಿಯಿಂದ ತೆಗೆದ ಮೊದಲ ಕಿಣ್ವ ಅದು. ಅಡುಗೆಮನೆಯ ಬೂಷ್ಟು ಎರಡು ಬಾರಿ ಪೇಟೆಂಟ್ ಕಚೇರಿಯ ಮೆಟ್ಟಿಲು ಹತ್ತಿತು; ಎರಡು ಬಾರಿಯೂ ಬೂಷ್ಟಿಗಾಗಿ ಅಲ್ಲ, ಅದರಿಂದ ಮನುಷ್ಯ ಹೊಸದಾಗಿ ಮಾಡಿಸಿದ ಕೆಲಸಕ್ಕಾಗಿ.

ನಮ್ಮ ದೇಶಕ್ಕೆ ಬರೋಣ. 1959ರಲ್ಲಿ ಹಿಂದುಸ್ತಾನ್ ಲೀವರ್ 'ಸರ್ಫ್' ಪುಡಿಯನ್ನು ಹೊರತಂದಿತು. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲರು ಮನೆಯ ಹಿತ್ತಿಲಿನಲ್ಲಿ ಪುಡಿ ಬೆರೆಸಿ ಸೈಕಲ್ಲಿನಲ್ಲಿ ಮಾರಲು ತೊಡಗಿ 'ನಿರ್ಮಾ' ಕಟ್ಟಿದರು. ಕಿಣ್ವದ ಪುಡಿ ನಮ್ಮ ಮನೆಮಾತಾದದ್ದು 1991ರಲ್ಲಿ 'ಏರಿಯಲ್' ಬಂದ ಮೇಲೆ. ನಿರ್ಮಾ ಗೆದ್ದದ್ದು ಪೇಟೆಂಟಿನಿಂದಲ್ಲ, ಬೆಲೆಯಿಂದ ಮತ್ತು ಹೆಸರಿನಿಂದ. ಇದನ್ನೂ ನೆನಪಿಡಿ.

ಕಿಣ್ವದ ಉದ್ಯಮದಲ್ಲಿ ಕನ್ನಡನಾಡಿನ ಹೆಸರು ಬರುವುದು 1978ರಲ್ಲಿ. ಆ ವರ್ಷ ಕಿರಣ್ ಮಜುಂದಾರ್ ಅವರು ಐರ್ಲೆಂಡಿನ ಕಂಪೆನಿಯೊಂದರ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ 'ಬಯೋಕಾನ್' ಆರಂಭಿಸಿದರು. ಮೊದಲು ತಯಾರಿಸಿದ್ದು ಎರಡೇ ವಸ್ತು: ಬಪ್ಪಂಗಾಯಿಯ ಹಾಲಿನಿಂದ ಪಪೇನ್, ಮೀನಿನಿಂದ ಬಿಯರ್ ತಿಳಿಗೊಳಿಸುವ ಐಸಿಂಗ್ಲಾಸ್. ಹೌದು, ಬಾಯಮ್ಮನ ಬಪ್ಪಂಗಾಯಿಯೇ! ಮರುವರ್ಷವೇ ಅವರ ಕಿಣ್ವ ಅಮೆರಿಕ ಮತ್ತು ಯುರೋಪಿಗೆ ರಫ್ತಾಯಿತು. ಮುಂದೆ ಅವರ ವಿಜ್ಞಾನಿಗಳು ತೌಡಿನಂತಹ ಘನ ವಸ್ತುಗಳ ಮೇಲೆ ಬೂಷ್ಟನ್ನು ಬೆಳೆಸಿ ಕಿಣ್ವ ತೆಗೆಯಲು 'ಪ್ಲಾಫ್ರಾಕ್ಟರ್' ಎಂಬ ಯಂತ್ರವನ್ನು ರೂಪಿಸಿದರು. 2000ರ ದಶಕದ ಆರಂಭದಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಪಪೇನಿಗೆ ಪೇಟೆಂಟ್ ಸಿಗುವಂತಿರಲಿಲ್ಲ, ಯಂತ್ರಕ್ಕೆ ಸಿಕ್ಕಿತು. 2007ರಲ್ಲಿ ಬಯೋಕಾನ್ ತನ್ನ ಕಿಣ್ವದ ವ್ಯವಹಾರವನ್ನು 11.5 ಕೋಟಿ ಡಾಲರಿಗೆ ಡೆನ್ಮಾರ್ಕಿನ ನೋವೋಜೈಮ್ಸ್ ಸಂಸ್ಥೆಗೆ ಮಾರಿ, ಔಷಧಗಳ ಕಡೆಗೆ ಪೂರ್ತಿಯಾಗಿ ಹೊರಳಿತು. ಹಳೆಯ ನೋವೊದ ಕವಲೇ ಆದ ಆ ನೋವೋಜೈಮ್ಸ್ 2024ರಲ್ಲಿ ಮತ್ತೊಂದು ಡೇನಿಷ್ ಕಂಪೆನಿಯೊಂದಿಗೆ ವಿಲೀನಗೊಂಡು ಈಗ 'ನೋವೋನೆಸಿಸ್' ಆಗಿದೆ.

ಈಗ ದ್ರವದ ಮಾತು. ಪುಡಿಗಿಂತ ದ್ರವ ಮಾಡುವುದು ಸುಲಭವೆಂದು ನಾನು ತಿಳಿದಿದ್ದೆ. ವಾಸ್ತವ ತಿರುವುಮುರುವು. ಒಣಗಿದ ಪುಡಿಯಲ್ಲಿ ಕಿಣ್ವ ನಿದ್ರಿಸುತ್ತಿರುತ್ತದೆ. ಬಾಲ್ದಿಯ ನೀರಿಗೆ ಬಿದ್ದಾಗ ಏಳುತ್ತದೆ. ದ್ರವದಲ್ಲಿ ಬಾಟಲಿಯೊಳಗೇ ನೀರಿದೆ, ಆದ್ದರಿಂದ ಕಿಣ್ವ ಅಲ್ಲಿಯೇ ಎಚ್ಚರವಾಗಿರುತ್ತದೆ. ಪ್ರೋಟೀನನ್ನು ತುಂಡರಿಸುವ ಕಿಣ್ವಕ್ಕೆ ಪ್ರೋಟಿಯೇಸ್ ಎಂದು ಹೆಸರು. ಆದರೆ ಕಿಣ್ವವೂ ಒಂದು ಪ್ರೋಟೀನೇ ಅಲ್ಲವೇ? ಹಸಿದ ಪ್ರೋಟಿಯೇಸ್ ಬಾಟಲಿಯಲ್ಲಿರುವ ಇತರ ಕಿಣ್ವಗಳನ್ನು ತಿನ್ನುತ್ತದೆ, ಕೊನೆಗೆ ತನ್ನ ಒಡಹುಟ್ಟಿದವರನ್ನೂ ಬಿಡುವುದಿಲ್ಲ. ಅಂಗಡಿಯ ಕಪಾಟಿನಲ್ಲಿ ಕೆಲವು ವಾರ ಕಳೆಯುವುದರೊಳಗೆ ಯಾದವೀ ಕಲಹ ಮುಗಿದು, ಬಾಟಲಿಯಲ್ಲಿ ಉಳಿಯುವುದು ಬಣ್ಣ ಮತ್ತು ಪರಿಮಳ.

ಇದಕ್ಕೆ ಪರಿಹಾರ ಹುಡುಕಲು ದೊಡ್ಡ ಕಂಪೆನಿಗಳು 1970 ಮತ್ತು 80ರ ದಶಕಗಳಲ್ಲಿ ಬಹಳ ಶ್ರಮಪಟ್ಟವು. ಗ್ಲಿಸರಾಲಿನಂತಹ ವಸ್ತುಗಳನ್ನು ಸೇರಿಸಿ ನೀರಿನ ಕೈಕಟ್ಟುವುದು ಒಂದು ಉಪಾಯ; ಕ್ಯಾಲ್ಸಿಯಂ ಲವಣ ಸೇರಿಸಿ ಕಿಣ್ವದ ಮೈಕಟ್ಟನ್ನು ಬಿಗಿಮಾಡುವುದು ಇನ್ನೊಂದು. ಎಲ್ಲಕ್ಕಿಂತ ಚೆಲುವಾದದ್ದು ಬೋರಾಕ್ಸಿನ ಉಪಾಯ. ಬಾಟಲಿಯೊಳಗಿನ ಸಾಂದ್ರ ದ್ರವದಲ್ಲಿ ಬೋರಿಕ್ ಆಮ್ಲ ಪ್ರೋಟಿಯೇಸಿನ ಬಾಯಿಗೆ ಮುಕಾಳಿಯಂತೆ ಕೂರುತ್ತದೆ. ಒಂದು ಮುಚ್ಚಳ ದ್ರವವನ್ನು ಬಾಲ್ದಿ ನೀರಿಗೆ ಹಾಕಿದೊಡನೆ ಎಲ್ಲವೂ ತೆಳುವಾಗಿ, ಮುಕಾಳಿ ತಾನಾಗಿ ಕಳಚಿ, ಕಿಣ್ವ ಕಲೆಯ ಮೇಲೆ ಎರಗುತ್ತದೆ. ಉಳುವಾಗ ಎತ್ತಿನ ಬಾಯಿಗೆ ಬುಟ್ಟಿ ಕಟ್ಟಿ, ಕೆಲಸ ಮುಗಿದ ಮೇಲೆ ಹುಲ್ಲಿಗೆ ಬಿಟ್ಟಂತೆ. ಬೋರಾಕ್ಸ್ ಹಳೆಯದು, ಕಿಣ್ವ ಹಳೆಯದು, ಸಾಬೂನು ಹಳೆಯದು. ಮೂರೂ ಕೂಡಿದಾಗ ಆದದ್ದು ಮಾತ್ರ ಬರಿಯ ಕೂಡಿಕೆಯಲ್ಲ. ಅದರಿಂದ ಇಂತಹ ಮಿಶ್ರಣಗಳಿಗೆ ಪೇಟೆಂಟುಗಳು ದೊರೆತವು. 2010ರಲ್ಲಿ ಯುರೋಪು ಬೋರಿಕ್ ಆಮ್ಲವನ್ನು ಆತಂಕಕಾರಿ ವಸ್ತುಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಬೇರೆ ಮುಕಾಳಿಗಳ ಶೋಧ ಇನ್ನಷ್ಟು ಚುರುಕಾಯಿತು.

ಇನ್ನು ಕಾನೂನು. ಭಾರತದಲ್ಲಿ ಆವಿಷ್ಕಾರಕ್ಕೆ ರಕ್ಷಣೆ ಕೊಡುವ ಮೊದಲ ಕಾಯಿದೆ ಬಂದದ್ದು 1856ರಲ್ಲಿ. ಆ ವರ್ಷ ಮೊದಲ ಅರ್ಜಿ ಹಾಕಿದವನು ಕಲ್ಕತ್ತದ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿ ಪೆನ್ನಿಂಗ್. ಅವನ ಆವಿಷ್ಕಾರ, ದೊರೆಗಳಿಗೆ ಗಾಳಿ ಬೀಸುವ ಪಂಖವನ್ನು ಎಳೆಯುವ ಯಂತ್ರ! ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಕೊಟ್ಟ ವರದಿಯ ಆಧಾರದಲ್ಲಿ 1970ರ ಪೇಟೆಂಟ್ ಕಾಯಿದೆ ರೂಪುಗೊಂಡು 1972ರಲ್ಲಿ ಜಾರಿಗೆ ಬಂತು. ಆಹಾರ, ಔಷಧ ಮತ್ತು ರಾಸಾಯನಿಕ ಕ್ರಿಯೆಯಿಂದ ತಯಾರಾಗುವ ವಸ್ತುಗಳಿಗೆ ಅದರಲ್ಲಿ ವಸ್ತುವಿನ ಮೇಲೆ ಪೇಟೆಂಟ್ ಇರಲಿಲ್ಲ; ತಯಾರಿಸುವ ವಿಧಾನಕ್ಕೆ ಮಾತ್ರ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರ ಜನವರಿ 1ರಿಂದ ಆ ಗೋಡೆ ಬಿದ್ದುಹೋಯಿತು. ಈಗ ಅವಧಿ ಎಲ್ಲಕ್ಕೂ ಅರ್ಜಿಯ ದಿನದಿಂದ 20 ವರ್ಷ.

ಗೋಡೆ ಬಿದ್ದರೂ ನಮ್ಮವರು ಬಾಗಿಲಿಗೆ ಕೆಲವು ಅಗುಳಿಗಳನ್ನು ಇಟ್ಟುಕೊಂಡರು. ಅವೆಲ್ಲ ಕಾಯಿದೆಯ ಮೂರನೆಯ ಕಲಮಿನಲ್ಲಿವೆ. ಪ್ರಕೃತಿಯಲ್ಲಿ ಇರುವ ಜೀವಿಯನ್ನೋ ವಸ್ತುವನ್ನೋ ಕಂಡುಹಿಡಿದ ಮಾತ್ರಕ್ಕೆ ಪೇಟೆಂಟ್ ಇಲ್ಲ, ಇದು 3(ಸಿ). ತಿಳಿದಿರುವ ವಸ್ತುವಿನ ಹೊಸ ರೂಪವು ಅದರ ಪರಿಣಾಮವನ್ನು ಹೆಚ್ಚಿಸದಿದ್ದರೆ ಪೇಟೆಂಟ್ ಇಲ್ಲ, ಇದು 3(ಡಿ). ಬರಿಯ ಬೆರಕೆಯಾಗಿ, ಒಂದೊಂದು ವಸ್ತುವಿನ ಗುಣಗಳ ಮೊತ್ತವಷ್ಟೇ ದೊರೆಯುವುದಾದರೆ ಪೇಟೆಂಟ್ ಇಲ್ಲ, ಇದು 3(ಇ). ಪಾರಂಪರಿಕ ಜ್ಞಾನವೇ ಆಗಿದ್ದರೆ, ಅಥವಾ ಪರಂಪರೆಯಿಂದ ತಿಳಿದ ವಸ್ತುಗಳ ತಿಳಿದ ಗುಣಗಳನ್ನೇ ಒಟ್ಟುಗೂಡಿಸಿದ್ದರೆ ಪೇಟೆಂಟ್ ಇಲ್ಲ, ಇದು 3(ಪಿ).

ಇವುಗಳಲ್ಲಿ 3(ಡಿ) ಲೋಕಪ್ರಸಿದ್ಧವಾದದ್ದು 2013ರಲ್ಲಿ, ನೊವಾರ್ಟಿಸ್ ಕಂಪೆನಿಯ ಕ್ಯಾನ್ಸರ್ ಔಷಧದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದಾಗ. ಔಷಧದ ವಿಷಯದಲ್ಲಿ 'ಪರಿಣಾಮ' ಎಂದರೆ ರೋಗವನ್ನು ಗುಣಪಡಿಸುವ ಶಕ್ತಿ ಎಂದು ನ್ಯಾಯಾಲಯ ಹೇಳಿತು. ಹಾಗಾದರೆ ಕಿಣ್ವಕ್ಕೆ? ಈ ಪ್ರಶ್ನೆ 2023ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಬಂತು. ಅರ್ಜಿದಾರರು ಅದೇ ನೋವೋಜೈಮ್ಸ್. ವಸ್ತು ಮಾರ್ಜಕದ್ದಲ್ಲ, ಪಶು ಆಹಾರದಲ್ಲಿ ಬಳಸುವ ಫೈಟೇಸ್ ಎಂಬ ಕಿಣ್ವದ ಮಾರ್ಪಡಿಸಿದ ರೂಪ, ಹೆಚ್ಚು ಶಾಖವನ್ನು ತಡೆಯಬಲ್ಲದ್ದು. 3(ಡಿ) ಔಷಧಗಳಿಗೆ ಮಾತ್ರ ಸೀಮಿತವಲ್ಲ, ಕಿಣ್ವಗಳಿಗೂ ಅನ್ವಯಿಸುತ್ತದೆ ಎಂದು ನ್ಯಾಯಾಲಯ ಹೇಳಿತು. ಜೊತೆಗೆ, ಇಂತಹ ಕಿಣ್ವದ ವಿಷಯದಲ್ಲಿ ಶಾಖ ತಾಳುವ ಶಕ್ತಿಯ ಹೆಚ್ಚಳವನ್ನು ಪರಿಣಾಮದ ಹೆಚ್ಚಳವೆಂದು ಒಪ್ಪಬಹುದೆಂದೂ ಹೇಳಿತು. ಒಗೆಯುವ ದ್ರವದ ಕಿಣ್ವಕ್ಕೂ ಇದೇ ದಾರಿ ಎಂದು ನನಗೆ ತೋರುತ್ತದೆ. 'ನನ್ನ ಕಿಣ್ವ ಹೊಸದು' ಎಂದರೆ ಸಾಲದು. 'ಹಳೆಯದು ಬಾಟಲಿಯಲ್ಲಿ ಇಷ್ಟು ವಾರದಲ್ಲಿ ಸಾಯುತ್ತಿತ್ತು, ನನ್ನದು ಇಷ್ಟು ಕಾಲ ಬದುಕುತ್ತದೆ, ಇಗೋ ಅಳತೆ' ಎನ್ನಬೇಕು.

ಒಂದು ತಿಂಗಳ ನಂತರ ಅವಳು ಬಂದಳು. ಕೈಯಲ್ಲಿ ಬಳೆ ಇತ್ತು, ನನಗೆ ಸಮಾಧಾನವಾಯಿತು. ಕಾಗದದ ಮೇಲೆ ಬರೆದುಕೊಂಡಿದ್ದನ್ನು ಒಂದೊಂದಾಗಿ ಹೇಳಿದೆ.

"ಮೊದಲನೆಯದು, ನೀನು ಇದನ್ನು ಎಷ್ಟು ಜನರಿಗೆ ತೋರಿಸಿದ್ದೀ?"

ಸ್ವಸಹಾಯ ಸಂಘದ ಸಭೆಯಲ್ಲಿ ಮಾಡಿ ತೋರಿಸಿದ್ದಳು. ಮೊಬೈಲಿನಲ್ಲಿ ವಿಡಿಯೊ ಮಾಡಿ ಅಳತೆ ಸಮೇತ ಹಾಕಿದ್ದಳು. ಒಂದೂವರೆ ವರ್ಷದಿಂದ ಮಾರುತ್ತಲೂ ಇದ್ದಾಳೆ. ಅಲ್ಲಿಗೇ ಮುಗಿಯಿತು. ಅರ್ಜಿ ಹಾಕುವ ಮೊದಲೇ ಲೋಕಕ್ಕೆ ತಿಳಿದದ್ದು ಕಾನೂನಿನ ಕಣ್ಣಿನಲ್ಲಿ ಹೊಸದಲ್ಲ, ತಿಳಿಸಿದವರು ನಾವೇ ಆಗಿದ್ದರೂ. ಹಣ ಕೇಳಿದ ಮನುಷ್ಯ ಈ ಒಂದು ಪ್ರಶ್ನೆಯನ್ನೂ ಅವಳಲ್ಲಿ ಕೇಳಿರಲಿಲ್ಲ.

"ಎರಡನೆಯದು, ಅಂಟುವಾಳದ ನೊರೆ ಕೊಳೆ ತೆಗೆಯುತ್ತದೆಂಬುದು ಊರಿಗೇ ಗೊತ್ತು. ಸಿಪ್ಪೆ ಮತ್ತು ಬೆಲ್ಲದ ಹುದುಗುನೀರನ್ನು ಬೆಂಗಳೂರಿನ ತಾರಸಿ ತೋಟದವರೆಲ್ಲ ಮಾಡುತ್ತಾರೆ. ಎರಡನ್ನೂ ಬೆರೆಸಿದರೆ ಎರಡರ ಗುಣಗಳ ಮೊತ್ತಕ್ಕಿಂತ ಹೆಚ್ಚಿನದೇನಾದರೂ ಆಗುತ್ತದೆ ಎಂಬುದಕ್ಕೆ ನಿನ್ನಲ್ಲಿ ಅಳತೆ ಇದೆಯಾ?" ಇರಲಿಲ್ಲ. ಮೂರನೆಯದನ್ನು ಹೇಳಲು ನನಗೂ ಸಂಕಟವಾಯಿತು: ಆ ಹುದುಗುನೀರು ಲಿಂಬೆಯಂತೆ ಹುಳಿ. ಬಟ್ಟೆ ಒಗೆಯುವ ಕಿಣ್ವಗಳು ಸಾಮಾನ್ಯವಾಗಿ ಕೆಲಸ ಮಾಡುವುದು ಕ್ಷಾರದಲ್ಲಿ. ಅವಳ ದ್ರವ ಕೊಳೆ ತೆಗೆಯುತ್ತಿದ್ದುದು ಬಹುಮಟ್ಟಿಗೆ ಅಂಟುವಾಳದ ಸಪೋನಿನಿನಿಂದ ಮತ್ತು ಹುಳಿಯಿಂದ ಇರಬೇಕು. ಪ್ರಯೋಗಾಲಯದಲ್ಲಿ ಪರೀಕ್ಷಿಸದೆ 'ಕಿಣ್ವ' ಎಂದು ಚೀಟಿ ಅಂಟಿಸುವುದು ಸರಿಯಲ್ಲ ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಹಾಗಾದ್ರೆ ಅಜ್ಜಿಯಿಂದ ಕಲಿತದ್ದೇ ನನಗೆ ಅಡ್ಡಿ ಆಯ್ತಾ ಸರ್? ಹೊರಗಿನವರು ಯಾರೋ ಕಲಿತು ಮಾಡಿದ್ರೆ ಸಿಗ್ತಿತ್ತಾ?"

ಇಷ್ಟು ವರ್ಷ ಪಾಠ ಹೇಳಿದವನಿಗೆ ಇಂತಹ ಪ್ರಶ್ನೆ ಬಂದದ್ದು ಅಪರೂಪ. ಉತ್ತರಕ್ಕಾಗಿ ಅರಸಿನದ ಕಥೆ ಹೇಳಿದೆ. 1995ರಲ್ಲಿ, ಗಾಯಕ್ಕೆ ಅರಸಿನ ಹಚ್ಚುವುದರ ಮೇಲೆ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಅಲ್ಲಿನ ಪೇಟೆಂಟ್ ದೊರೆತಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಳಿ ಹಳೆಯ ಗ್ರಂಥಗಳ, ಪತ್ರಿಕೆಗಳ ಪುರಾವೆ ಒಯ್ದು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಅಂಟುವಾಳದ ಮೇಲೆ ನಿನಗೆ ಬೇಲಿ ಹಾಕಲು ಬಿಡದ ಅದೇ ಕಲಮು, ಬೇರೆ ಯಾರೂ ಬೇಲಿ ಹಾಕದಂತೆ ನಿನ್ನ ಅಜ್ಜಿಯ ಹಿತ್ತಿಲನ್ನು ಕಾಯುತ್ತದೆ. ಇಷ್ಟೇ ಅಲ್ಲ, ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ಕಾಯಿದೆಯ 25ನೆಯ ಕಲಮಿನಲ್ಲಿ ಆಕ್ಷೇಪಣೆಯ ಒಂದು ಕಾರಣವಾಗಿ ಸ್ಥಳೀಯ ಸಮುದಾಯಗಳಲ್ಲಿರುವ ಜ್ಞಾನವನ್ನು ಹೆಸರಿಸಿದೆ, ಅದು ಬಾಯಿಮಾತಿನಲ್ಲಿ ಇರುವುದಾದರೂ ಸರಿ. ಬಾಯಿಮಾತಿಗೆ ಕಾನೂನಿನ ಪುಸ್ತಕದಲ್ಲಿ ಜಾಗ ಸಿಕ್ಕಿದೆ ಎಂಬುದನ್ನು ಓದಿದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡಿದ್ದೆ.

ಹಾಗೆಂದು ಬರಿಗೈಯಲ್ಲಿ ಕಳುಹಿಸಲಿಲ್ಲ. ಮುಂದೆ ನಿಜವಾಗಿಯೂ ಹೊಸತೇನಾದರೂ ಹೊಳೆದರೆ, ಉದಾಹರಣೆಗೆ ಅಂಟುವಾಳದ ರಸ ಬೇಗನೆ ಹಳಸದಂತೆ ಇಡುವ ಹೊಸ ಕ್ರಮ, ಬಾಯಿ ಬಿಡುವ ಮೊದಲು ಅರ್ಜಿ ಹಾಕಬೇಕು. ಕರ್ನಾಟಕದವರಿಗೆ ಪೇಟೆಂಟ್ ಕಚೇರಿ ಚೆನ್ನೈಯದು; ಅರ್ಜಿಯನ್ನು ಮನೆಯಿಂದಲೇ ಅಂತರಜಾಲದ ಮೂಲಕ ಸಲ್ಲಿಸಬಹುದು. ವ್ಯಕ್ತಿಗೆ ಅರ್ಜಿಯ ಸರಕಾರಿ ಶುಲ್ಕ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000. ಬರವಣಿಗೆಗೆ ನುರಿತವರ ನೆರವು ಬೇಕು, ಅದಕ್ಕೆ ಖರ್ಚಿದೆ. ಮೊದಲು ತಾತ್ಕಾಲಿಕ ವಿವರಣೆ ಕೊಟ್ಟು 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡುವ ಅವಕಾಶವೂ ಇದೆ. ಈಗ ಬೇಕಾದದ್ದು ಹೆಸರಿನ ರಕ್ಷಣೆ. ವ್ಯಾಪಾರ ಚಿಹ್ನೆಯ ನೋಂದಣಿಗೆ ವ್ಯಕ್ತಿಗೆ ಶುಲ್ಕ 4,500 ರೂಪಾಯಿ, 10 ವರ್ಷಕ್ಕೊಮ್ಮೆ ನವೀಕರಣ. ನಿರ್ಮಾ ಬೆಳೆದದ್ದು ಹೆಸರಿನಿಂದಲೇ ಅಲ್ಲವೇ? ಬೆಂಗಳೂರಿನಲ್ಲಿ ತಯಾರಾಗುತ್ತಿರುವ ನಮ್ಮ ಮೈಸೂರು ಸ್ಯಾಂಡಲ್ ಸಾಬೂನಿನ ಬಲವೂ ಅದರ ಹೆಸರಿನಲ್ಲಿದೆ; ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ.

ಅವಳು ತನ್ನ ಅಜ್ಜಿಯ ಹೆಸರನ್ನೇ ಇಟ್ಟು ಅರ್ಜಿ ಹಾಕಿದ್ದಾಳೆ. ಚೀಟಿಯಿಂದ 'ಕಿಣ್ವ' ಎಂಬ ಮಾತು ಹೋಗಿದೆ. 'ಅಂಟುವಾಳದ ಒಗೆಯುವ ದ್ರವ' ಎಂದಷ್ಟೇ ಇದೆ. ಬಳೆ ಕೈಯಲ್ಲಿಯೇ ಇದೆ.

ಬರೆಯುತ್ತ ಕುಳಿತಾಗ ನನ್ನನ್ನು ಚುಚ್ಚಿದ ಸಂಗತಿಯೊಂದನ್ನು ಹೇಳಿ ಮುಗಿಸುತ್ತೇನೆ. ಅಜ್ಜಿಯ ಅಂಟುವಾಳದ ಅಳತೆ ನನಗೆ ನೆನಪಿದೆ. ಬೂದಿಯನ್ನು ನಾಲಿಗೆಯಿಂದ ಅಳೆಯುತ್ತಿದ್ದ ಆ ಮಡಿವಾಳ ಹೆಂಗಸಿನ ಜ್ಞಾನದಲ್ಲಿ ನನಗೆ ನೆನಪಿರುವುದು ಮೇಲೆ ಬರೆದ ಒಂದು ವಾಕ್ಯ ಮಾತ್ರ. ಹಲವು ವರ್ಷ ನಮ್ಮ ಅಂಗಳಕ್ಕೆ ಬಂದುಹೋದರು. ಯಾವ ಮರದ ಬೂದಿ, ಎಷ್ಟು ನೀರು, ಎಷ್ಟು ಹೊತ್ತು ಎಂದು ಓದುಬರಹ ಬಲ್ಲ ನಮ್ಮ ಮನೆಯವರು ಯಾರೂ ಕೇಳಲಿಲ್ಲ. ವಿಜ್ಞಾನದ ಮಾಷ್ಟ್ರಾದ ನಾನೂ ಕೇಳಲಿಲ್ಲ. ನಾಳೆ ಯಾರಾದರೂ ಅದನ್ನು ತಮ್ಮದೆಂದು ಬರೆಯಿಸಿಕೊಂಡರೆ, ಅಲ್ಲವೆಂದು ಹೇಳಲು ನನ್ನಲ್ಲಿ ಏನೂ ಇಲ್ಲ.

ನಿಮ್ಮ ಮನೆಗಳಲ್ಲಿ ಹಿರಿಯರು ಇದ್ದರೆ, ಮುಖ್ಯವಾಗಿ ನಾವು ಕೇಳದೆ ಬಿಟ್ಟವರ ಮನೆಗಳಲ್ಲಿ ಇದ್ದರೆ, ದಯವಿಟ್ಟು ಕೇಳಿ ಬರೆದುಕೊಳ್ಳಿ. ಹೇಳಿದವರ ಹೆಸರು, ಊರು, ತಾರೀಕು ಹಾಕುವುದನ್ನು ಮರೆಯಬೇಡಿ.

ಅಂದ ಹಾಗೆ, ಅವಳು ಕೊಟ್ಟ ಬಾಟಲಿಯಿಂದ ನನ್ನ ಪಂಚೆ ಒಗೆದು ನೋಡಿದೆವು. ಮಣ್ಣು, ಬೆವರು ಚೆನ್ನಾಗಿ ಹೋಯಿತು. ಅಡಿಕೆಯ ಚೊಗರಿನ ಕಲೆ ಮಾತ್ರ ಹಾಗೆಯೇ ಇದೆ. ಪ್ರೋಟಿಯೇಸ್ ಕಿಣ್ವವೂ ಅದನ್ನು ತೆಗೆಯದು, ಚೊಗರು ಪ್ರೋಟೀನಲ್ಲ, ಟ್ಯಾನಿನ್. ಅದಕ್ಕೊಂದು ಉಪಾಯ ಕಂಡುಹಿಡಿದವರು ಯಾರಿಗೂ ಹೇಳದೆ ಮೊದಲು ಅರ್ಜಿ ಹಾಕಿ, ಆಮೇಲೆ ನನಗೆ ತಿಳಿಸಿ.